ಘಾಟಿಯ ಮೇಲೆ ಸರ್ವರ್, ಘಾಟಿಯ ಕೆಳಗೆ ಕಾವಲು

ಬೇಸಿಗೆ ರಜೆಯಲ್ಲಿ ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೊರಟ ಕಾರುಗಳು ಕೆಕ್ಕನಹಳ್ಳದ ಗಡಿಯಲ್ಲಿ ನಿಲ್ಲುತ್ತವೆ. 2024ರ ಮೇ 7ರಿಂದ ಅಲ್ಲಿ ಇ-ಪಾಸ್ ತೋರಿಸಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಿಂದ ನೀಲಗಿರಿಗೂ ಕೊಡೈಕೆನಾಲ್‌ಗೂ ಬಂದ ವ್ಯವಸ್ಥೆ ಇದು. 2025ರ ಬೇಸಿಗೆಗೆ ನೀಲಗಿರಿಯ ಮಟ್ಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳು ಎಂಬ ಮಿತಿಯೂ ಸೇರಿಕೊಂಡಿತು. ಪಾಸ್ ಕೊಡುವುದು ತಮಿಳುನಾಡಿನ ಇ-ಆಡಳಿತ ಸಂಸ್ಥೆಯ ಜಾಲತಾಣ. ಅದರ ಯಂತ್ರ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ತಣ್ಣಗೆ ಕೂತಿದ್ದರೆ ಸಾಕು, ಊಟಿಯಲ್ಲೇ ಇರಬೇಕೆಂದೇನಿಲ್ಲ. ಆದರೆ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಕಾಡಿನ ನಡುವಿನ ಈ ಗೇಟಿನಲ್ಲಿ. ಫೋನಿಗೆ ಸಿಗ್ನಲ್ ಸಿಗದೆ ಪುಟ ತೆರೆಯದಿದ್ದರೂ, ಗೇಟಿನ ನೆಟ್ ಹೋಗಿದ್ದರೂ, ನಿಜವಾಗಿ ಯಂತ್ರವೇ ಕೆಟ್ಟಿದ್ದರೂ ಹಿಂದಿನ ಸಾಲಿನಲ್ಲಿ ಕಾಯುವ ಚಾಲಕ ಹೇಳುವುದು ಒಂದೇ ಮಾತು: ‘ಸರ್ವರ್ ಡೌನ್ ಅಂತೆ.’

ಸರ್ವರ್ ಎದ್ದಿದೆಯೋ ಬಿದ್ದಿದೆಯೋ ಎಂದು ನೋಡಿಕೊಳ್ಳುವ ಅತಿ ಹಳೆಯ, ಅತಿ ಅಗ್ಗದ ವಿಧಾನವೆಂದರೆ ಹತ್ತಿಪ್ಪತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್. ಐದೈದು ನಿಮಿಷಕ್ಕೆ ಸರ್ವರಿನ ಬಾಗಿಲು ತಟ್ಟುತ್ತದೆ, ಉತ್ತರ ಬಾರದಿದ್ದರೆ ಯಾರಿಗೋ ಒಂದು ಇಮೇಲ್ ಕಳಿಸುತ್ತದೆ. ಲಿನಕ್ಸ್ ಯಂತ್ರ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಇಂಥದ್ದನ್ನು ಬರೆದೇ ಇರುತ್ತಾರೆ. ಇಷ್ಟೊಂದು ದೊಡ್ಡ ಸಾಧನಗಳು ಬಂದಿರುವ ಕಾಲದಲ್ಲಿ ಇದಕ್ಕೆ ಬೆಲೆ ಉಳಿದಿದೆಯೇ? ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಬಹುತೇಕರು ಸ್ಕ್ರಿಪ್ಟನ್ನು ಕೂರಿಸುವ ಜಾಗ ತಪ್ಪು, ಇಮೇಲಿನಿಂದ ನಿರೀಕ್ಷಿಸುವ ಕೆಲಸವೂ ತಪ್ಪು. ಬಯಲು ಸೀಮೆಯ ಊರುಗಳಲ್ಲಿ ಈ ಎರಡು ತಪ್ಪುಗಳು ವರ್ಷಗಟ್ಟಲೆ ಮುಚ್ಚಿಹೋಗಬಹುದು. ನೀಲಗಿರಿಯಲ್ಲಿ ಮೊದಲ ಮುಂಗಾರಿಗೇ ಬಯಲಾಗುತ್ತವೆ.

ಗುಡ್ಡಗಾಡಿನ ಜಿಲ್ಲೆಯಲ್ಲಿ ಕಾಯುವಂಥ ಸರ್ವರ್ ಏನಿದ್ದೀತು ಎಂದು ಕೇಳಬಹುದು. ಕೂನೂರಿನ ಚಹಾ ಹರಾಜು ಎಲೆಕ್ಟ್ರಾನಿಕ್ ಆಗಿ ಎಷ್ಟೋ ವರ್ಷವಾಯಿತು. ಸಣ್ಣ ಬೆಳೆಗಾರ ಕಾರ್ಖಾನೆಗೆ ಹಾಕಿದ ಹಸಿರೆಲೆಯ ದರ ಆ ಪರದೆಯ ಮೇಲಿನ ಅಂಕಿಗಳನ್ನು ನೋಡಿಕೊಂಡಿರುತ್ತದೆ. ಗೂಡಲೂರಿನಂಥ ಊರಿನ ಆಸ್ಪತ್ರೆಯಲ್ಲಿ ರೋಗಿಯ ದಾಖಲೆ, ಔಷಧಿ ದಾಸ್ತಾನು ಕಂಪ್ಯೂಟರಿನಲ್ಲಿವೆ. ಮಸಿನಗುಡಿಯ ವಸತಿಗೃಹಗಳ ಬುಕಿಂಗ್, ಶಾಲೆಗಳ ಹಾಜರಿ, ಸಹಕಾರ ಬ್ಯಾಂಕಿನ ಶಾಖೆ ಎಲ್ಲವೂ ಒಂದಲ್ಲ ಒಂದು ಯಂತ್ರಕ್ಕೆ ಜೋತುಬಿದ್ದಿವೆ. ಇವಕ್ಕೆಲ್ಲ ಸಮಾನವಾದ ಒಂದು ಸಂಗತಿ ಇದೆ. ಒಂದು ಗಂಟೆ ನಿಂತರೆ ಜನ ಬೈಯುತ್ತಾರೆ, ಆಮೇಲೆ ಬಂದು ಕೆಲಸ ಮುಗಿಸಿಕೊಳ್ಳುತ್ತಾರೆ.

ಹಾಗೆ ಆಮೇಲೆ ಬಂದು ಮುಗಿಸಿಕೊಳ್ಳಲಾಗದ ಕೆಲಸವೂ ಊಟಿಯಲ್ಲಿ ನಡೆಯುತ್ತದೆ. ಮುತ್ತೋರೈನ ಇಳಿಜಾರಿನಲ್ಲಿ ಗೋವಿಂದ ಸ್ವರೂಪ್ ಅವರ ತಂಡ ಕಟ್ಟಿದ ರೇಡಿಯೋ ದೂರದರ್ಶಕ 1970ರಿಂದ ಆಕಾಶಕ್ಕೆ ಕಿವಿಗೊಟ್ಟಿದೆ. 530 ಮೀಟರ್ ಉದ್ದ, 30 ಮೀಟರ್ ಅಗಲ. ಗುಡ್ಡದ ಓರೆಯನ್ನು ಊರಿನ ಅಕ್ಷಾಂಶಕ್ಕೆ, ಅಂದರೆ ಸುಮಾರು 11 ಡಿಗ್ರಿಗೆ, ಹೊಂದುವಂತೆ ಆರಿಸಿಕೊಂಡಿದ್ದರಿಂದ ಆ ಭಾರಿ ಚೌಕಟ್ಟನ್ನು ಒಂದೇ ಅಕ್ಷದ ಮೇಲೆ ತಿರುಗಿಸಿದರೆ ನಕ್ಷತ್ರದ ಬೆನ್ನು ಹತ್ತಿ ಹೋಗಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಾಸ್ಮಿಕ್ ಕಿರಣ ಪ್ರಯೋಗಾಲಯವೂ ಇಲ್ಲೇ ಇದೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮುಂದೆ ಆ ಸಂಸ್ಥೆಯ ನಿರ್ದೇಶಕರಾದವರು, 1950ರ ದಶಕದಲ್ಲೇ ಇಲ್ಲಿ ಪ್ರಯೋಗ ಶುರುಮಾಡಿದವರಲ್ಲಿ ಒಬ್ಬರು. ಈಗಿನ ಗ್ರೇಪ್ಸ್-3 ಪ್ರಯೋಗಕ್ಕೆ 2,200 ಮೀಟರ್ ಎತ್ತರದಲ್ಲಿ ಸುಮಾರು 400 ಸಿಂಟಿಲೇಟರ್ ಡಿಟೆಕ್ಟರುಗಳು, 3,712 ಕೌಂಟರ್ ಕೊಳವೆಗಳಿಂದ ಮಾಡಿದ 560 ಚದರ ಮೀಟರಿನ, ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಯಾನ್ ಕಣಗಳನ್ನು ಎಣಿಸುವ ದೂರದರ್ಶಕ. ದಿನಕ್ಕೆ ಸುಮಾರು 400 ಕೋಟಿ ಮ್ಯೂಯಾನ್‌ಗಳು ಲೆಕ್ಕಕ್ಕೆ ಸಿಗುತ್ತವೆ.

2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಗುಡುಗಿದ ಮೋಡವೊಂದರೊಳಗೆ 130 ಕೋಟಿ ವೋಲ್ಟ್ ವಿಭವವಿತ್ತು ಎಂದು ಈ ತಂಡ ಪ್ರಕಟಿಸಿದ್ದು 2019ರಲ್ಲಿ. ಮೋಡ ಹಾದುಹೋದಾಗ ಮ್ಯೂಯಾನ್ ಎಣಿಕೆ 18 ನಿಮಿಷ ಇಳಿದಿತ್ತು, ಅಷ್ಟೇ ಸಾಕ್ಷ್ಯ. 2011ರ ಏಪ್ರಿಲ್‌ನಿಂದ 2014ರ ಡಿಸೆಂಬರ್‌ವರೆಗಿನ 184 ಗುಡುಗುಮಳೆಗಳ ದಾಖಲೆ ಜಾಲಾಡಿದಾಗ ಸಿಕ್ಕ ಅತಿ ದೊಡ್ಡದು ಅದು. 2015ರ ಜೂನ್ 22ರಂದು ಭೂಮಿಯ ಕಾಂತಕ್ಷೇತ್ರ ಎರಡು ಗಂಟೆ ಕಾಲ ದುರ್ಬಲವಾದದ್ದನ್ನು ಹಿಡಿದದ್ದೂ ಇದೇ ಉಪಕರಣ. ಗುಡುಗು ಬಂದಾಗಲೇ ಕರೆಂಟ್ ಹೋಗುವ ಊರಿನಲ್ಲಿ, ಗುಡುಗಿನ ಹೊತ್ತಿಗೆ ದಾಖಲಿಸುವ ಯಂತ್ರ ಎಚ್ಚರವಾಗಿದ್ದದ್ದು ಸಣ್ಣ ವಿಷಯವಲ್ಲ. ಆ 18 ನಿಮಿಷ ಡಿಸ್ಕ್ ತುಂಬಿ ಬರಹ ನಿಂತಿದ್ದಿದ್ದರೆ ಕ್ಷಮೆ ಕೇಳಿ ಇನ್ನೊಮ್ಮೆ ಮಾಡಲು ಬರುತ್ತಿರಲಿಲ್ಲ. ಇಂಥ ಕಡೆ ಕಾವಲು ಎಂದರೆ ಗ್ರಾಹಕರ ಸಿಟ್ಟು ತಪ್ಪಿಸುವ ಉಪಾಯವಾಗಿ ಉಳಿಯುವುದಿಲ್ಲ, ಪ್ರಯೋಗದ ಒಂದು ಭಾಗವೇ ಆಗುತ್ತದೆ.

ಈಗ ಸ್ಕ್ರಿಪ್ಟಿನ ಒಳಗೆ ಇಣುಕೋಣ. ಮೊದಲು ಬರುವ ಆಲೋಚನೆ ಪಿಂಗ್. ಮೈಕ್ ಮ್ಯೂಸ್ 1983ರ ಡಿಸೆಂಬರ್‌ನಲ್ಲಿ ಬರೆದ ಈ ಪುಟ್ಟ ಉಪಕರಣ ಎದುರಿನ ಯಂತ್ರಕ್ಕೊಂದು ಪೊಟ್ಟಣ ಕಳಿಸಿ ಮರಳಿ ಬರುವುದನ್ನು ಕಾಯುತ್ತದೆ. ಬಂದರೆ ಯಂತ್ರ ಎದ್ದಿದೆ ಎಂದುಕೊಳ್ಳುತ್ತೇವೆ. ಆ ಉತ್ತರ ಕೊಡುವುದು ಯಂತ್ರದ ಕರ್ನೆಲ್. ಡೇಟಾಬೇಸ್ ಸತ್ತಿರಲಿ, ಡಿಸ್ಕ್ ಪೂರ್ತಿ ತುಂಬಿರಲಿ, ಪಾಸ್ ಕೊಡುವ ತಂತ್ರಾಂಶ ಮುಗ್ಗರಿಸಿರಲಿ, ಕರ್ನೆಲ್ ಮಾತ್ರ ನಿಷ್ಠೆಯಿಂದ ಪಿಂಗಿಗೆ ಓಗೊಡುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಫೈರ್‌ವಾಲಿನಲ್ಲಿ ಪಿಂಗ್ ಮುಚ್ಚಿರುವ ಆರೋಗ್ಯವಂತ ಸರ್ವರುಗಳೂ ಬೇಕಾದಷ್ಟಿವೆ. ಪಿಂಗ್ ದಾರಿಯ ಪರೀಕ್ಷೆ. ಮನೆಯೊಳಗೆ ಅಡುಗೆಯಾಗಿದೆಯೇ ಎಂದು ಅದಕ್ಕೆ ತಿಳಿಯದು.

ಒಳಗಿನದು ತಿಳಿಯಬೇಕಾದರೆ ಪುಟವನ್ನೇ ಕೇಳಿ ನೋಡಬೇಕು. 1998ರಿಂದ ಬಳಕೆಯಲ್ಲಿರುವ ಕರ್ಲ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ; ಆದರೆ ಅದನ್ನು ಬಳಸುವಲ್ಲಿ ಎರಡು ಗುಂಡಿಗಳಿವೆ, ಎರಡಕ್ಕೂ ಬಿದ್ದವರು ಬಹಳ. ಸರ್ವರ್ ‘500, ಒಳಗೆ ಏನೋ ಕೆಟ್ಟಿದೆ’ ಎಂದು ಉತ್ತರಿಸಿದರೂ ಕರ್ಲ್ ತನ್ನ ಪಾಡಿಗೆ ‘ಸೊನ್ನೆ’ ಎಂದು, ಅಂದರೆ ಯುನಿಕ್ಸ್ ಲೆಕ್ಕದಲ್ಲಿ ಎಲ್ಲ ಸರಿ ಎಂದು, ಹಿಂತಿರುಗುತ್ತದೆ. ಉತ್ತರ ಬಂತಲ್ಲ, ತನ್ನ ಕೆಲಸ ಮುಗಿಯಿತು ಎಂಬುದು ಅದರ ವಾದ. ವೈಫಲ್ಯವನ್ನು ವೈಫಲ್ಯವೆಂದೇ ಹೇಳು ಎಂಬ ಎಫ್ ಆಯ್ಕೆಯನ್ನು ನಾವಾಗಿ ಕೊಡಬೇಕು. ಎರಡನೆಯದು ಸಮಯದ ಮಿತಿ. ಅದನ್ನು ಹೇಳದಿದ್ದರೆ, ಸಂಪರ್ಕ ಕೊಟ್ಟು ಮಾತಾಡದೆ ಕೂತ ಸರ್ವರಿನ ಎದುರು ಕರ್ಲ್ ಬೇಕಾದಷ್ಟು ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಐದು ನಿಮಿಷ ಕಳೆದು ಇನ್ನೊಂದು ಸ್ಕ್ರಿಪ್ಟ್ ಏಳುತ್ತದೆ, ಅದೂ ಕಾಯುತ್ತದೆ. ಬೆಳಗಾಗುವಷ್ಟರಲ್ಲಿ ಕಾವಲಿನ ಯಂತ್ರವೇ ಕಾವಲುಗಾರರ ಗುಂಪಿನ ಭಾರಕ್ಕೆ ಮಲಗಿರುತ್ತದೆ. ಹದಿನೈದು ಸೆಕೆಂಡಿನ ಮಿತಿ, ಜೊತೆಗೆ ಹಿಂದಿನವನು ಮುಗಿಸದೆ ಮುಂದಿನವನು ಒಳಬರದಂತೆ ಎಫ್‌ಲಾಕ್ ಎಂಬ ಬೀಗ, ಇವೆರಡಿದ್ದರೆ ಈ ಕಾಟ ತಪ್ಪುತ್ತದೆ.

ಕರ್ಲ್ ಸೋತಾಗ ಕೊಡುವ ಸಂಖ್ಯೆಯನ್ನು ಹೆಚ್ಚಿನವರು ಓದದೆ ಎಸೆಯುತ್ತಾರೆ. ಅದು ದಡ್ಡತನ. 6 ಎಂದರೆ ಹೆಸರಿಗೆ ವಿಳಾಸ ಸಿಗಲಿಲ್ಲ, ಡಿಎನ್‌ಎಸ್ ತೊಂದರೆ. 7 ಎಂದರೆ ಸಂಪರ್ಕವೇ ಸಾಧ್ಯವಾಗಲಿಲ್ಲ. 28 ಎಂದರೆ ಕಾದು ಸಾಕಾಯಿತು. 60 ಎಂದರೆ ಪ್ರಮಾಣಪತ್ರ ನಂಬಲರ್ಹವಲ್ಲ. ‘ಸರ್ವರ್ ಡೌನ್’ ಎಂದಷ್ಟೇ ಹೇಳುವ ಇಮೇಲಿಗೂ ‘28, ಮೂರು ಸಲ’ ಎನ್ನುವ ಇಮೇಲಿಗೂ ಇರುವ ವ್ಯತ್ಯಾಸ ಘಾಟಿ ಹತ್ತಿ ಬರಬೇಕಾದ ತಂತ್ರಜ್ಞನಿಗೆ ಗೊತ್ತು. ಉತ್ತರ ಬಂದಾಗಲೂ ಪುಟದಲ್ಲಿ ಇರಲೇಬೇಕಾದ ಒಂದು ಪದ ಇದೆಯೇ ಎಂದು ಗ್ರೆಪ್ ಮಾಡಿ ನೋಡುವುದು ಒಳ್ಳೆಯದು. ‘ಡೇಟಾಬೇಸ್ ಸಿಗುತ್ತಿಲ್ಲ’ ಎಂಬ ಸಂದೇಶವನ್ನು 200 ಎಂಬ ಸುಖದ ಸಂಖ್ಯೆಯ ಜೊತೆ ಬಡಿಸುವ ತಂತ್ರಾಂಶಗಳು ಕಡಿಮೆಯೇನಿಲ್ಲ.

ಇದನ್ನೆಲ್ಲ ಹೊತ್ತು ಹೊತ್ತಿಗೆ ಎಬ್ಬಿಸುವುದು ಕ್ರಾನ್. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲೇ ಇದ್ದದ್ದು. ಪಾಲ್ ವಿಕ್ಸಿ 1987ರಲ್ಲಿ ಬರೆದ ರೂಪ ಲಿನಕ್ಸ್ ಲೋಕದಲ್ಲಿ ಮನೆಮಾತಾಯಿತು. ಅದರಲ್ಲೊಂದು ಸೊಗಸಾದ ಅನುಕೂಲವಿದೆ. ಓಡಿಸಿದ ಸ್ಕ್ರಿಪ್ಟ್ ಏನಾದರೂ ಮುದ್ರಿಸಿದರೆ ಕ್ರಾನ್ ತಾನೇ ಅದನ್ನು ಇಮೇಲ್ ಮಾಡುತ್ತದೆ. ಎಲ್ಲ ಸರಿಯಿದ್ದಾಗ ಬಾಯಿ ಮುಚ್ಚಿಕೊಂಡು, ಕೆಟ್ಟಾಗ ಮಾತ್ರ ಒಂದು ಸಾಲು ಮುದ್ರಿಸುವ ಸ್ಕ್ರಿಪ್ಟ್ ಬರೆದರೆ ಇಮೇಲ್ ಕಳಿಸುವ ಸಾಲೇ ಬೇಕಿಲ್ಲ. ಆದರೆ ಇವತ್ತು ಹೊಸದಾಗಿ ಹಾಕಿದ ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ಇಮೇಲ್ ಹೊರಗೆ ಕಳಿಸುವ ತಂತ್ರಾಂಶವೇ ಇರುವುದಿಲ್ಲ, ಅಥವಾ ಇದ್ದರೂ ಪತ್ರ ಅದೇ ಯಂತ್ರದ ಒಳಗಿನ ಒಂದು ಫೈಲಿಗೆ ಹೋಗಿ ಬೀಳುತ್ತದೆ. ವರ್ಷದ ನಂತರ ಯಾರೋ ಲಾಗಿನ್ ಆದಾಗ ‘ನಿಮಗೆ ಪತ್ರ ಬಂದಿದೆ’ ಎಂಬ ಸಾಲು ಕಾಣುತ್ತದೆ. ಒಳಗೆ ಸಾವಿರಾರು ಎಚ್ಚರಿಕೆಗಳು.

ಈ ವಿಧಾನದಲ್ಲಿ ಅತ್ಯಂತ ಬಲಹೀನವಾದ ಕೊಂಡಿ ಇಮೇಲ್. ಅದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನೀಲಗಿರಿಯಲ್ಲಿ ಸರ್ವರುಗಳು ಜನರ ಕೈಗೆ ಸಿಗದಂತೆ ಆಗುವ ದಿನಗಳು ಯಾವುವು ಎಂದು ಯೋಚಿಸಿ. 2009ರ ನವೆಂಬರ್ ಎರಡನೆಯ ವಾರದಲ್ಲಿ ಕೇತ್ತಿಯಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಸುರಿದು ಜಿಲ್ಲೆಯ ತುಂಬ ಗುಡ್ಡ ಕುಸಿಯಿತು, ರಸ್ತೆ, ರೈಲುಹಾದಿ ಕಡಿದವು, ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ದಿನವೊಂದಕ್ಕೆ 80 ಸೆಂಟಿಮೀಟರಿಗೂ ಮೀರಿದ ಮಳೆ. ಅಂಥ ಮಳೆಗೆ ರಸ್ತೆ ಬದಿಯ ಮಣ್ಣಿನ ಜೊತೆ ಅದರೊಳಗಿನ ಫೈಬರ್ ಕೇಬಲ್ಲೂ ಜಾರುತ್ತದೆ. ನೀಲಗಿರಿ ಮರವೊಂದು ತಂತಿಯ ಮೇಲೆ ಒರಗಿದರೆ ಕರೆಂಟ್ ಹೋಗುತ್ತದೆ. ಸಿಂಗಾರದಲ್ಲಿ ಪೈಕಾರ ವಿದ್ಯುದಾಗಾರ ಶುರುವಾದದ್ದು 1932ರಲ್ಲಿ. ಬಯಲಿಗೆ ಬೆಳಕು ಕೊಟ್ಟ ಬೆಟ್ಟಗಳೇ ಮಳೆಗಾಲದಲ್ಲಿ ಕತ್ತಲೆಗೆ ಬೀಳುತ್ತವೆ. ಇಂಥ ರಾತ್ರಿಯಲ್ಲಿ ಸರ್ವರಿನ ಪಕ್ಕದಲ್ಲೇ ಕೂತ ಸ್ಕ್ರಿಪ್ಟ್ ಏನು ಮಾಡುತ್ತದೆ? ಸರ್ವರನ್ನು ಕೇಳುತ್ತದೆ. ಒಳಗಿನ ಜಾಲದಲ್ಲಿ ಉತ್ತರ ಬರುತ್ತದೆ. ಎಲ್ಲ ಸರಿ ಎಂದು ಬರೆದುಕೊಳ್ಳುತ್ತದೆ. ಹೊರಗಿನ ಲೋಕಕ್ಕೆ ಆ ಸರ್ವರ್ ಇಲ್ಲವೇ ಇಲ್ಲ.

ಬುದ್ಧಿವಂತ ಸ್ಕ್ರಿಪ್ಟಾಗಿದ್ದು ‘ಹೊರಗಿನ ದಾರಿ ಮುಚ್ಚಿದೆ’ ಎಂದು ಕಂಡುಕೊಂಡಿತು ಎನ್ನೋಣ. ಇಮೇಲ್ ಕಳಿಸಬೇಕಾದದ್ದು ಅದೇ ಮುಚ್ಚಿದ ದಾರಿಯಲ್ಲಿ. ಪತ್ರ ಸರದಿಯಲ್ಲಿ ಕೂರುತ್ತದೆ. ಇಮೇಲ್ ವ್ಯವಸ್ಥೆಯನ್ನು ಕಟ್ಟಿದವರು ತಾಳ್ಮೆಯನ್ನೇ ಅದರ ದೊಡ್ಡ ಗುಣವಾಗಿ ಕಂಡಿದ್ದರು. ತಲುಪದ ಪತ್ರವನ್ನು ನಾಲ್ಕೈದು ದಿನ ಮತ್ತೆ ಮತ್ತೆ ಕಳಿಸಿ ನೋಡಬೇಕೆಂಬುದೇ ಅದರ ನಿಯಮ. ಹಾಗಾಗಿ ಫೈಬರ್ ದುರಸ್ತಿಯಾದ ಮರುಕ್ಷಣ, ಸರ್ವರ್ ಚೆನ್ನಾಗಿ ಓಡುತ್ತಿರುವಾಗ, ‘ಸರ್ವರ್ ನಿಂತಿದೆ’ ಎಂಬ ಪತ್ರಗಳು ಹಿಂಡುಹಿಂಡಾಗಿ ಬಂದು ಬೀಳುತ್ತವೆ. ಇಮೇಲ್ ಒಳ್ಳೆಯ ಲೆಕ್ಕದ ಪುಸ್ತಕ. ಅದನ್ನು ಗಂಟೆಯಾಗಿ ಬಳಸಲು ಹೋದಾಗ ಈ ಫಜೀತಿ.

ದಾರಿ ತೆರೆದಿದ್ದರೂ ಪತ್ರ ತಲುಪುತ್ತದೆಂಬ ಖಾತರಿಯಿಲ್ಲ. ಜಿಮೇಲ್ ಖಾತೆಯ ಗುಪ್ತಪದವನ್ನೇ ಸ್ಕ್ರಿಪ್ಟಿನಲ್ಲಿ ಬರೆದು ಪತ್ರ ಕಳಿಸುವ ಅಭ್ಯಾಸಕ್ಕೆ ಗೂಗಲ್ 2022ರ ಮೇ 30ರಂದು ವೈಯಕ್ತಿಕ ಖಾತೆಗಳಲ್ಲಿ ಬಾಗಿಲು ಹಾಕಿತು. ಎರಡು ಹಂತದ ಪರಿಶೀಲನೆ ಹಾಕಿಸಿ, ಬೇರೆಯೇ ಆಪ್ ಪಾಸ್‌ವರ್ಡ್ ಪಡೆಯಬೇಕಾಯಿತು. ಅಂದು ಎಷ್ಟೋ ಹಳೆಯ ಸ್ಕ್ರಿಪ್ಟುಗಳು ಮೂಕವಾದವು, ಮೂಕವಾದದ್ದು ತಿಳಿಯಲು ಅವುಗಳ ಒಡೆಯರಿಗೆ ಇನ್ನೊಂದು ಅವಘಡವೇ ಬೇಕಾಯಿತು. 2024ರ ಫೆಬ್ರವರಿಯಿಂದ ಜಿಮೇಲಿಗೆ ಪತ್ರ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ದೃಢೀಕರಣ ಕಡ್ಡಾಯವಾಗಿದೆ. ಕಚೇರಿಯ ಬ್ರಾಡ್‌ಬ್ಯಾಂಡಿನಿಂದ ನೇರವಾಗಿ ಕಳಿಸಿದ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಹೋದರೆ ಅದೇ ಭಾಗ್ಯ, ಅದಕ್ಕೂ ಹೋಗದೆ ಇರುವುದೇ ಹೆಚ್ಚು. ಎಂಎಸ್‌ಎಂಟಿಪಿಯಂಥ ಸಣ್ಣ ಉಪಕರಣದ ಮೂಲಕ, ಸರಿಯಾಗಿ ನೋಂದಾಯಿಸಿದ ಒಂದು ಇಮೇಲ್ ಸೇವೆಯ ಹೆಗಲ ಮೇಲೆ ಕಳಿಸುವುದೇ ಇವತ್ತಿನ ದಾರಿ. ಗುಪ್ತಪದವಿರುವ ಫೈಲನ್ನು ಒಡೆಯನ ಹೊರತು ಯಾರೂ ಓದದಂತೆ ಇಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳಬೇಕಾಗುತ್ತದೆ.

ಹಾಗಾದರೆ ಏನು ಮಾಡುವುದು? ಇಡೀ ಕ್ರಮವನ್ನೇ ತಲೆಕೆಳಗು ಮಾಡಬೇಕು. ಬೆಟ್ಟದ ಮೇಲಿನ ಸ್ಕ್ರಿಪ್ಟ್ ‘ಕೆಟ್ಟಿದೆ’ ಎಂದು ಕೂಗುವ ಬದಲು, ಐದು ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂದು ಘಾಟಿಯ ಕೆಳಗೆ ತಿಳಿಸುತ್ತಿರಲಿ. ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಬಾಡಿಗೆ ಪಡೆದ ಪುಟ್ಟ ಯಂತ್ರವೊಂದು ಆ ಸುದ್ದಿ ಬಂದಾಗಲೆಲ್ಲ ಒಂದು ಖಾಲಿ ಫೈಲಿನ ಸಮಯವನ್ನು ಹೊಸದು ಮಾಡುತ್ತದೆ. ಫೈಲು ಹದಿನೈದು ನಿಮಿಷಕ್ಕಿಂತ ಹಳೆಯದಾದರೆ ಫೈಂಡ್ ಆದೇಶಕ್ಕೆ ಅದು ಸಿಕ್ಕಿಬೀಳುತ್ತದೆ, ಕೆಳಗಿನ ಯಂತ್ರ ಎಚ್ಚರಿಕೆ ಕಳಿಸುತ್ತದೆ. ಅದರ ಇಮೇಲ್ ದಾರಿಗೆ ಬೆಟ್ಟದ ಮಳೆಯ ಹಂಗಿಲ್ಲ. ಕರೆಂಟ್ ಹೋಗಲಿ, ಫೈಬರ್ ಕಡಿಯಲಿ, ಯಂತ್ರ ಸುಡಲಿ, ಸ್ಕ್ರಿಪ್ಟ್ ಬರೆದವನೇ ಅರಿಯದೆ ಕ್ರಾನ್ ಸಾಲು ಅಳಿಸಿರಲಿ, ಎಲ್ಲಕ್ಕೂ ಮೌನವೊಂದೇ ಲಕ್ಷಣ, ಆ ಮೌನವೇ ಗಂಟೆ ಬಾರಿಸುತ್ತದೆ. ಇದನ್ನೇ ಸೇವೆಯಾಗಿ ಕೊಡುವ ಹೆಲ್ತ್‌ಚೆಕ್ಸ್‌ನಂಥ ಮುಕ್ತ ತಂತ್ರಾಂಶಗಳೂ ಇವೆ. ಕೈಯಿಂದ ಬರೆದರೂ ಇಪ್ಪತ್ತು ಸಾಲು ದಾಟುವುದಿಲ್ಲ. ನೀಲಗಿರಿಯಲ್ಲಿ ಒಂದೇ ಒಂದು ಸ್ಕ್ರಿಪ್ಟ್ ಹಾಕಲು ಅವಕಾಶವಿದ್ದರೆ ನಾನು ಹಾಕುವುದು ಇದನ್ನು.

ಮೌನಕ್ಕೆ ಒಂದು ಕೊರತೆಯಿದೆ, ಕಾರಣ ಹೇಳುವುದಿಲ್ಲ. ಅದಕ್ಕೇ ಕೆಳಗಿನಿಂದಲೂ ಒಂದು ಕೈ ಚಾಚಬೇಕು. ಮನೆಯಲ್ಲಿ ದೀಪ ಆರಿದರೆ ನಾವು ಮೊದಲು ಪಕ್ಕದ ಮನೆಯ ಕಿಟಕಿ ನೋಡುತ್ತೇವಲ್ಲ, ಅದೇ ತರ್ಕ. ಸರ್ವರ್ ಓಗೊಡದಿದ್ದರೆ ಅದೇ ಕಟ್ಟಡದ ರೂಟರ್, ಅದೂ ಇಲ್ಲವೆಂದರೆ ಅದೇ ಊರಿನ ಇನ್ನೊಂದು ವಿಳಾಸ, ಕೊನೆಗೆ ದೂರದ ಯಾವುದೋ ಹೆಸರುವಾಸಿ ವಿಳಾಸ. ರೂಟರ್ ಇದ್ದು ಸರ್ವರ್ ಇಲ್ಲವಾದರೆ ಯಂತ್ರದ ತೊಂದರೆ. ಎರಡೂ ಇಲ್ಲವಾದರೆ ಕರೆಂಟೋ ಲೈನೋ. ದೂರದ ವಿಳಾಸವೂ ಇಲ್ಲವಾದರೆ ಕೆಳಗಿನ ಯಂತ್ರದ ನೆಟ್ಟೇ ಹೋಗಿದೆ, ಬಾಯಿ ಮುಚ್ಚಿಕೊಂಡಿರುವುದು ಮೇಲು. ನಾಲ್ಕು ಪಿಂಗುಗಳ ಈ ಸರಪಳಿ ‘ಸರ್ವರ್ ಡೌನ್’ ಎಂಬ ಒಂದೇ ಮಾತನ್ನು ನಾಲ್ಕು ಬೇರೆ ಬೇರೆ ಮಾತಾಗಿ ಒಡೆಯುತ್ತದೆ.

ಕರೆಂಟಿನ ವಿಷಯದಲ್ಲಿ ಬೆಟ್ಟದ ಸ್ಕ್ರಿಪ್ಟಿಗೂ ಒಂದು ಸದವಕಾಶವಿದೆ. ಯುಪಿಎಸ್ ಬ್ಯಾಟರಿಗೆ ಜಿಗಿದ ಕ್ಷಣದಿಂದ ಬ್ಯಾಟರಿ ಮುಗಿಯುವವರೆಗಿನ ಅವಧಿ. ಯುಪಿಎಸ್ಸನ್ನು ಯುಎಸ್‌ಬಿ ತಂತಿಯಿಂದ ಸರ್ವರಿಗೆ ಜೋಡಿಸಿದರೆ ಎಪಿಸಿಯುಪಿಎಸ್‌ಡಿ, ನಟ್ ಮುಂತಾದ ತಂತ್ರಾಂಶಗಳು ಆ ಕ್ಷಣದಲ್ಲಿ ನಮ್ಮ ಸ್ಕ್ರಿಪ್ಟನ್ನು ಕರೆಯುತ್ತವೆ. ‘ಕರೆಂಟ್ ಹೋಗಿದೆ, ಇನ್ನು ಇಪ್ಪತ್ತು ನಿಮಿಷ ಇರುತ್ತೇನೆ’ ಎಂದು ಹೇಳಿಕಳಿಸಿ, ಆಮೇಲೆ ಡೇಟಾಬೇಸ್ ಮುಚ್ಚಿ ಸರಿಯಾಗಿ ಮಲಗುವಷ್ಟು ಸಮಯ. ಇದು ಕೈಗೂಡಲು ಒಂದು ಷರತ್ತಿದೆ, ಹಣ ಖರ್ಚು ಮಾಡಿದ ಸಂಸ್ಥೆಗಳೂ ಮರೆಯುವಂಥದ್ದು: ಗೋಡೆಗೆ ನೇತುಹಾಕಿದ ಫೈಬರ್ ಮೋಡೆಮ್ಮಿಗೂ ರೂಟರಿಗೂ ಅದೇ ಯುಪಿಎಸ್ಸಿನ ಪ್ಲಗ್ ಸಿಗಬೇಕು. ಇಲ್ಲದಿದ್ದರೆ ಸರ್ವರ್ ಬದುಕಿರುತ್ತದೆ, ಬಾಯಿ ಕಟ್ಟಿರುತ್ತದೆ.

ಸಿಮ್ ಹಾಕಿದ ಡಾಂಗಲ್ ಇಟ್ಟು ಅದರಿಂದ ಎಸ್‌ಎಂಎಸ್ ಕಳಿಸುವುದು ಇನ್ನೊಂದು ಉಪಾಯ. ಫೈಬರ್ ಹೋದಾಗ ಬೇರೆ ದಾರಿ ಸಿಕ್ಕಿತು ಎನಿಸುತ್ತದೆ. ಊಟಿ ಪಟ್ಟಣದಲ್ಲಿ ಇದು ನಡೆದೀತು. ಮಸಿನಗುಡಿ ಕಡೆ ಮೊಬೈಲ್ ಗೋಪುರದಿಂದ ಹೊರಡುವ ಕೇಬಲ್ ಫೈಬರ್ ಇರುವ ಅದೇ ರಸ್ತೆಯ ಬದಿಯಲ್ಲೇ ಹೋಗುತ್ತಿದ್ದರೆ, ಗೋಪುರದ ಬ್ಯಾಟರಿಯೂ ಅದೇ ಕರೆಂಟನ್ನು ನೆಚ್ಚಿದ್ದರೆ, ಎರಡು ದಾರಿ ಎಂಬುದು ಕಾಗದದ ಮೇಲಿನ ಮಾತು. ಕೆಳಗಿನ ಯಂತ್ರದಿಂದ ಎಸ್‌ಎಂಎಸ್ ಸೇವೆಯ ಮೂಲಕ ಕಳಿಸೋಣವೆಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಸಣ್ಣ ಶಾಲೆಗೆ, ಸಹಕಾರ ಸಂಘಕ್ಕೆ ಅದು ತಲೆನೋವು. ಹಾಗಾಗಿ ಒಂದೇ ಕರ್ಲ್ ಸಾಲಿನಲ್ಲಿ ಸಂದೇಶ ತಲುಪಿಸುವ ಟೆಲಿಗ್ರಾಂ ಬಾಟ್ ಕಡೆಗೆ ಜನ ವಾಲಿದ್ದಾರೆ. ನನ್ನ ಆಯ್ಕೆಯೂ ಅದೇ, ಇಮೇಲನ್ನು ಬಿಡದೆ.

ಕನ್ನಡದಲ್ಲಿ ಎಚ್ಚರಿಕೆ ಬರೆಯುವವರಿಗೆ ಸಣ್ಣದೊಂದು ಟಿಪ್ಪಣಿ. ಗೂಡಲೂರಿನಲ್ಲಿ ರಾತ್ರಿ ಪಾಳಿಗೆ ಕೂರುವವರು ಓದುವುದು ತಮಿಳಿರಬಹುದು, ಮಲಯಾಳವಿರಬಹುದು, ಕನ್ನಡವಿರಬಹುದು. ಇಂಗ್ಲಿಷೇ ಇರಲಿ ಎಂಬ ಹಟ ಬೇಡ. ಆದರೆ ಇಮೇಲಿನ ವಿಷಯ ಸಾಲಿನಲ್ಲಿ ಕನ್ನಡ ಅಕ್ಷರಗಳನ್ನು ಹಾಗೇ ತುರುಕಿದರೆ ಕೆಲವು ಕಡೆ ಕಸವಾಗಿ ಕಾಣುತ್ತದೆ, ಆ ಸಾಲನ್ನು ಮೈಮ್ ಕ್ರಮದಲ್ಲಿ ಬೇಸ್64ಗೆ ತಿರುಗಿಸಬೇಕು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಜಾಗವಿದ್ದರೆ ಕನ್ನಡಕ್ಕೆ 70. ಅದರಲ್ಲೂ ಗುಣಿತ, ಒತ್ತು ಒಂದೊಂದೂ ಬೇರೆ ಎಣಿಕೆ. ‘ಸ್ತ್ರೀ’ ಎಂಬ ಒಂದಕ್ಷರ ಆರು ಜಾಗ ತಿನ್ನುತ್ತದೆ. ಚುಟುಕಾಗಿ ಬರೆಯದೆ ಗತಿಯಿಲ್ಲ.

ಎಚ್ಚರಿಕೆ ಬಂತು. ಆಮೇಲೆ? ರಾತ್ರಿ ಎರಡು ಗಂಟೆಗೆ ಮಸಿನಗುಡಿಯ ಯಂತ್ರ ನಿಂತಿತು, ನೋಡಿಕೊಳ್ಳುವವನು ಗುಂಡ್ಲುಪೇಟೆಯಲ್ಲಿ ಇದ್ದಾನೆ ಎನ್ನಿ. ಬಂಡೀಪುರದ ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಊಟಿಯಲ್ಲಿದ್ದಾನೆ ಎನ್ನಿ, ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳು, ತಿರುವಿನಲ್ಲಿ ಆನೆ. ಯಾರೂ ಹೋಗುವುದಿಲ್ಲ, ಹೋಗಲೂಬಾರದು. ಏನೂ ಮಾಡಲಾಗದ ಹೊತ್ತಿನಲ್ಲಿ ಎಬ್ಬಿಸುವ ಎಚ್ಚರಿಕೆ ನಿದ್ದೆ ಕೆಡಿಸುತ್ತದೆಯೇ ಹೊರತು ಸರ್ವರನ್ನು ಏಳಿಸುವುದಿಲ್ಲ. ನಾಲ್ಕು ಸಲ ಹಾಗಾದರೆ ಐದನೆಯದನ್ನು ಆತ ನೋಡುವುದಿಲ್ಲ, ನಿಜವಾದದ್ದು ಅದೇ ಆಗಿರುತ್ತದೆ. ಅದಕ್ಕೇ ಸ್ಕ್ರಿಪ್ಟ್ ಬರೆಯುವ ಮೊದಲು ಕಾಗದದ ಮೇಲೆ ಎರಡು ಪಟ್ಟಿ ಬೇಕು: ಕೂತಲ್ಲಿಂದಲೇ ಸರಿಮಾಡಬಹುದಾದದ್ದು, ಬೆಳಗಿನವರೆಗೆ ಕಾಯಬೇಕಾದದ್ದು. ಮೊದಲನೆಯದಕ್ಕೆ ಫೋನ್ ಗುಣುಗುಟ್ಟಲಿ. ಎರಡನೆಯದು ಆರು ಗಂಟೆಯ ಇಮೇಲಿನಲ್ಲಿ ಬಂದರೆ ಸಾಕು. ಕೊಡವಿದರೆ ಎದ್ದು ನಿಲ್ಲುವ ಸೇವೆಗಳನ್ನು ಸಿಸ್ಟಂಡಿ ತಾನೇ ಮತ್ತೆ ಶುರುಮಾಡುವಂತೆ ಬರೆದಿಡಬಹುದು, ಪೂರ್ತಿ ಹೆಪ್ಪುಗಟ್ಟಿದ ಯಂತ್ರವನ್ನು ವಾಚ್‌ಡಾಗ್ ಟೈಮರ್ ರೀಬೂಟ್ ಮಾಡಬಹುದು. ಆದರೆ ತಾನಾಗಿ ಎದ್ದದ್ದನ್ನೂ ಲೆಕ್ಕದಲ್ಲಿ ಬರೆಯಬೇಕು. ದಿನಕ್ಕೆ ಎಂಟು ಸಲ ಬಿದ್ದು ಎಂಟು ಸಲ ಎದ್ದ ತಂತ್ರಾಂಶ ಆರೋಗ್ಯವಾಗಿದೆ ಎಂದು ಯಾರೂ ತಿಳಿಯಬಾರದು.

ಒಂದು ಸಲ ತಪ್ಪಿದ ಕೂಡಲೇ ಕೂಗುವ ಸ್ಕ್ರಿಪ್ಟನ್ನು ಬೆಟ್ಟದಲ್ಲಿ ಯಾರೂ ವಾರಕ್ಕಿಂತ ಹೆಚ್ಚು ಸಹಿಸಲಾರರು. ಸತತ ಮೂರು ಸೋಲಿಗೆ ಒಂದು ಎಚ್ಚರಿಕೆ, ಆಮೇಲೆ ಸ್ಥಿತಿ ಬದಲಾದಾಗ ಮಾತ್ರ ಇನ್ನೊಂದು. ಹಿಂದಿನ ಸ್ಥಿತಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಹೋಲಿಸಿದರೆ ಇಷ್ಟೂ ಆಗುತ್ತದೆ. ‘ಎದ್ದಿದೆ’ ಎಂಬ ಪತ್ರವೂ ಬೇಕು, ಎಷ್ಟು ನಿಮಿಷ ಬಿದ್ದಿತ್ತು ಎಂಬ ಅಂಕಿಯ ಜೊತೆ.

ಬೀಳುವ ಮುಂಚೆಯೇ ಹೇಳಬಹುದಾದ ಸಂಗತಿಗಳೂ ಇವೆ. ಡಿಸ್ಕ್ ತುಂಬುವುದು ಒಂದು. ಇನ್ನೊಂದು ಪ್ರಮಾಣಪತ್ರದ ಅವಧಿ. ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ತನ್ನ 90 ದಿನದ ಪತ್ರ ಮುಗಿಯುವ ಮೊದಲು ಇಮೇಲಿನಲ್ಲಿ ನೆನಪಿಸುತ್ತಿತ್ತು. 2025ರ ಜೂನ್ 4ರಿಂದ ಅದನ್ನು ನಿಲ್ಲಿಸಿತು. ತಾನಾಗಿ ನವೀಕರಿಸುವ ತಂತ್ರಾಂಶ ಇದ್ದರೂ ಅದು ಸೋತ ದಿನ ಇನ್ನು ಯಾರೂ ಹೇಳುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ಗೆ ‘ಇನ್ನು ಹದಿನಾಲ್ಕು ದಿನಕ್ಕೆ ಇದು ಮುಗಿಯುತ್ತದೆಯೇ’ ಎಂದು ಕೇಳುವ ಆಯ್ಕೆಯಿದೆ, ದಿನಕ್ಕೊಮ್ಮೆ ಕೇಳಿದರಾಯಿತು. ಇಂಥ ಎಚ್ಚರಿಕೆಗೆ ಇಮೇಲೇ ಸರಿಯಾದ ವಾಹನ, ಹದಿನಾಲ್ಕು ದಿನದಲ್ಲಿ ಯಾರಾದರೂ ಓದುತ್ತಾರೆ. ಇವುಗಳ ಜೊತೆ ವಾರಕ್ಕೊಂದು ಸುಳ್ಳು ಎಚ್ಚರಿಕೆಯನ್ನೂ ಬೇಕೆಂದೇ ಕಳಿಸಬೇಕು, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಅದು ಬಾರದಿದ್ದರೆ ಕಾವಲೇ ಕೆಟ್ಟಿದೆ.

ದೊಡ್ಡ ಸಾಧನಗಳ ಮಾತು ಬೇಗ ಮುಗಿಸಬಹುದು. 1999ರಲ್ಲಿ ನೆಟ್‌ಸೇಂಟ್ ಆಗಿ ಹುಟ್ಟಿದ ನಾಗಿಯೋಸ್, 2001ರ ಜಾಬಿಕ್ಸ್, ಸೌಂಡ್‌ಕ್ಲೌಡ್ ಕಂಪನಿಯೊಳಗೆ 2012ರಲ್ಲಿ ಶುರುವಾದ ಪ್ರೊಮೀಥಿಯಸ್, ಈಚಿನ ಅಪ್‌ಟೈಮ್ ಕೂಮಾ, ಎಲ್ಲವೂ ಮುಕ್ತ ತಂತ್ರಾಂಶಗಳು, ಎಲ್ಲವೂ ನಮ್ಮ ಸ್ಕ್ರಿಪ್ಟಿಗಿಂತ ಚೆನ್ನಾಗಿ ಚಿತ್ರ ಬಿಡಿಸುತ್ತವೆ. ಕಾಯಬೇಕಾದ ಯಂತ್ರಗಳು ಹತ್ತು ಹದಿನೈದು ದಾಟಿದಾಗ, ಪಾಳಿಗೆ ಒಬ್ಬರಿಗಿಂತ ಹೆಚ್ಚು ಜನ ಇದ್ದಾಗ ಅವುಗಳಿಗೆ ಹೋಗುವುದೇ ಜಾಣತನ. ಅದಕ್ಕೂ ಮುಂಚೆ ಹೋದವರು ಕಾವಲನ್ನೇ ಕಾಯುವ ಹೊಸ ಕೆಲಸ ತಂದುಕೊಳ್ಳುತ್ತಾರೆ. ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ. ಊಟಿಯ ಕೋಣೆಯಲ್ಲಿ ಹಾಕಿದ ಪ್ರೊಮೀಥಿಯಸ್ ಕೂಡ ಊಟಿಯ ಮಳೆಗೆ ಸಿಕ್ಕುತ್ತದೆ. ನಾಗಿಯೋಸ್‌ನ ಪ್ಲಗ್-ಇನ್ ಎಂದರೆ ಒಂದು ಸಾಲು ಮುದ್ರಿಸಿ ಒಂದು ಸಂಖ್ಯೆಯೊಂದಿಗೆ ಹೊರಡುವ ಸಣ್ಣ ಕಾರ್ಯಕ್ರಮ ಅಷ್ಟೇ, ಶೆಲ್ ಸ್ಕ್ರಿಪ್ಟ್ ಬರೆದವನಿಗೆ ಅದು ಹೊಸದೇನಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಸಾದಾ ಫೈಲು: ದಿನಾಂಕ, ಬಿದ್ದ ಹೊತ್ತು, ಎದ್ದ ಹೊತ್ತು, ಕಾರಣ. ಇಂಟರ್ನೆಟ್ ಕೊಡುವವರು ಶೇ 99.5 ಖಾತರಿ ಎಂದಾಗ ಕೇಳಲು ಚೆನ್ನಾಗಿರುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 44 ಗಂಟೆ ನಿಲ್ಲಲು ಅದರಲ್ಲಿ ಅವಕಾಶವಿದೆ. ಶೇ 99.9ರಲ್ಲಿ 8 ಗಂಟೆ 46 ನಿಮಿಷ. ಆ 44 ಗಂಟೆ ಯಾವಾಗ ಬಂತು ಎಂಬುದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಜುಲೈ ತಿಂಗಳ ರಾತ್ರಿಗಳಲ್ಲಿ ಹಂಚಿಹೋದರೆ ಚಹಾ ಹರಾಜಿಗೆ ಬಾಧೆಯಿಲ್ಲ, ಹರಾಜಿನ ದಿನ ಎರಡೇ ಗಂಟೆ ನಿಂತರೆ ಕಾರ್ಖಾನೆಯವರು ಬೀದಿಗೆ ಬರುತ್ತಾರೆ. ಇ-ಪಾಸಿಗೆ ಮೇ ತಿಂಗಳ ಶನಿವಾರದ ಬೆಳಗು ಹೇಗೋ ಹಾಗೆ. ಕಾರಣದ ಕಲಂ ಅನ್ನು ಎಣಿಸಿ ನೋಡಿದವರು ಮುಂದಿನ ವರ್ಷದ ಹಣ ಎಲ್ಲಿಗೆ ಎಂದು ಚರ್ಚೆ ಮಾಡಬೇಕಾಗುವುದಿಲ್ಲ: ‘ಲೈನ್’ ಎಂದು ಹೆಚ್ಚು ಬಂದಿದ್ದರೆ ಬೇರೆ ರಸ್ತೆಯಿಂದ ಬರುವ ಎರಡನೆಯ ಸಂಪರ್ಕ, ‘ಕರೆಂಟ್’ ಎಂದಿದ್ದರೆ ಬ್ಯಾಟರಿ, ‘ಯಂತ್ರ’ ಎಂದಿದ್ದರೆ ಮಾತ್ರ ಹೊಸ ಸರ್ವರ್.